ಟೈಲರಜ್ಜನ 90ಕ್ಕೆ ಹಳೇ ಸಿಂಗರ್ ಮಿಷನ್: ಬಿಚ್ಚಿದ್ದು, ಕೆಡಿಸಿದ್ದು, ಕೂಡಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಲಿಗೆ ಮಿಷನ್ ಮೆಕ್ಯಾನಿಕ್ ಅಲ್ಲ. ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ. ಪಂಪ್‌ಸೆಟ್, ಸ್ಪ್ರೇಯರ್, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಏನೇ ಕೆಟ್ಟರೂ ಬಿಚ್ಚಿ ನೋಡುವ ಚಟ ಇದೆ, ಅಷ್ಟೇ. ಆದ್ದರಿಂದ ಇದರಲ್ಲಿ ನಾನು ಮಾಡಿದ ತಪ್ಪುಗಳೂ ಇವೆ. ಒಂದು ತಪ್ಪು ಸರಿ ಮಾಡಲಾಗದ್ದು, ಅದನ್ನೂ ಬರೆದಿದ್ದೇನೆ.

ಕೊಡಗಿನಲ್ಲಿ, ವಿರಾಜಪೇಟೆಯಿಂದ ಗೋಣಿಕೊಪ್ಪ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಇಲ್ಲಿ ಎಲ್ಲರಿಗೂ ಅವರು ಟೈಲರಜ್ಜ. ಮಲಯಾಳಿ. ಹುಡುಗನಾಗಿದ್ದಾಗ ಕೇರಳದ ಇರಿಟ್ಟಿ ಕಡೆಯಿಂದ ಬಂದವರು. ನನ್ನ ಒಂದನೇ ಕ್ಲಾಸಿನ ಚಡ್ಡಿಯಿಂದ ಹಿಡಿದು ಮದುವೆಯ ಪ್ಯಾಂಟಿನವರೆಗೆ ಹೊಲಿದವರು ಅವರೇ. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿದರು. ಅದಾಗಿ ಹದಿನೈದು ವರ್ಷ ಮೇಲೇ ಆಯಿತು. ಈ ಸಲ ಅವರಿಗೆ 90.

ಜುಲೈಯಲ್ಲಿ ಊರಿನ ನಾಲ್ಕು ಜನ ಸೇರಿ ಸನ್ಮಾನ ಮಾಡೋಣ ಅಂದರು. ಸನ್ಮಾನ ಅಂದರೆ ಗೊತ್ತಲ್ಲ, ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಮೈಸೂರು ಪೇಟ, ಆಮೇಲೆ ಅಜ್ಜನ ಬಗ್ಗೆ ಏನೂ ಗೊತ್ತಿಲ್ಲದವರ ಭಾಷಣ ಅರ್ಧ ಗಂಟೆ. ಅಜ್ಜನ ಮನೆಯಲ್ಲಿ ಇಂಥ ಶಾಲು ಆಗಲೇ ಎರಡಿವೆ. ಒಂದು ಟಿವಿ ಮೇಲಿದೆ. ಇನ್ನೊಂದನ್ನು ಮಳೆಗಾಲದಲ್ಲಿ ಕೋಳಿಗೂಡಿನ ಜಾಲರಿಗೆ ಕಟ್ಟಿದ್ದಾರೆ, ಶೀತಗಾಳಿ ಒಳಗೆ ಬರಬಾರದು ಅಂತ. ನಾನು ಏನೋ ಬಾಯಿಗೆ ಬಂದು, ಅವರ ಮಿಷನ್ ರಿಪೇರಿ ಮಾಡಿ ಕೊಡೋಣ ಅಂದುಬಿಟ್ಟೆ. ಅಂದವನ ತಲೆಗೇ ಕೆಲಸ ಬಿತ್ತು.

ತಾರೀಖು ಯಾವುದು ಅನ್ನೋದೇ ಮೊದಲ ತಕರಾರು. ಆಧಾರ್ ಪ್ರಕಾರ ಜನವರಿ 1. ಅವರ ವಯಸ್ಸಿನ ಅರ್ಧ ಊರು ಹುಟ್ಟಿದ್ದು ಜನವರಿ 1ಕ್ಕೇ, ಸ್ಕೂಲ್ ಮೇಷ್ಟ್ರ ದಯೆ. ಅಜ್ಜನ ಲೆಕ್ಕ ಬೇರೆ. ಮಲಯಾಳಿಗಳು ನಕ್ಷತ್ರ ಹಿಡಿದು ಹುಟ್ಟುಹಬ್ಬ ಮಾಡುತ್ತಾರೆ. ಅಜ್ಜನದು ಚಿಂಗಂ ತಿಂಗಳ ಚೋದಿ, ಅಂದರೆ ನಮ್ಮ ಸ್ವಾತಿ. ಓಣಂ ಹೂವಿನ ರಂಗೋಲಿ ಹಾಕಲು ಶುರು ಮಾಡಿ ಮೂರನೇ ದಿನ. ಅದು ಈ ಸಲ ಆಗಸ್ಟ್ ಕೊನೆಯ ವಾರದಲ್ಲಿ ಬರುತ್ತದೆ ಅಂತ ಮೊಮ್ಮಗಳು ಕ್ಯಾಲೆಂಡರ್ ನೋಡಿ ಹೇಳಿದಳು. ನನ್ನ ಕೈಯಲ್ಲಿ ಇದ್ದದ್ದು ಆರು ವಾರ. ಅದರಲ್ಲಿ ನಾಲ್ಕು ವಾರ ಕಕ್ಕಡ, ಅಂದರೆ ಕೊಡವರ ಜಡಿಮಳೆಯ ತಿಂಗಳು. ಕಕ್ಕಡದಲ್ಲಿ ಕೊಡಗಿನಲ್ಲಿ ಕಬ್ಬಿಣದ ತುಕ್ಕು ತೆಗೆಯುವ ಕೆಲಸಕ್ಕೆ ಕೈ ಹಾಕುವವನು ಮೂರ್ಖ. ತೆಗೆದು ತಿರುಗುವಷ್ಟರಲ್ಲಿ ಮತ್ತೆ ಹಿಡಿದಿರುತ್ತದೆ.

ಮಿಷನ್ ಇದ್ದದ್ದು ಸೌದೆ ಕೊಟ್ಟಿಗೆಯಲ್ಲಿ, ಪ್ಲಾಸ್ಟಿಕ್ ಗೊಬ್ಬರದ ಚೀಲ ಹೊದ್ದುಕೊಂಡು. ಅಜ್ಜ ಮಧ್ಯಾಹ್ನ ಮಲಗಿದ್ದಾಗ ನಾನೂ ಮೊಮ್ಮಗಳೂ ಅದನ್ನು ಜೀಪಿಗೆ ಹಾಕಿದೆವು. ಪೂರ್ತಿ ಎರಕದ ಕಬ್ಬಿಣದ ಸ್ಟ್ಯಾಂಡ್, ಮೇಲೆ ಮರದ ಹಲಗೆ, ಅದರ ಮೇಲೆ ಕಪ್ಪು ತಲೆ, ಅಂದರೆ ಹೊಲಿಯುವ ಭಾಗ. ನನ್ನ ಸೊಂಟ ಅವತ್ತೇ ಒಂದು ಸಲ ದೂರು ಹೇಳಿತು.

ಮನೆಗೆ ತಂದು ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಫೋನಿನಲ್ಲಿ ಎಪ್ಪತ್ತು ಎಂಬತ್ತು ಫೋಟೋ ತೆಗೆದೆ. ಇದೊಂದು ಬುದ್ಧಿ ನನಗೆ ಪಲ್ಪರ್ ಕಲಿಸಿದ್ದು. ತಲೆಯ ಬುಡದಲ್ಲಿ ಒಂದು ನಂಬರ್ ಕೊರೆದಿರುತ್ತದೆ, ಮುಂದೆ ಎರಡು ಇಂಗ್ಲಿಷ್ ಅಕ್ಷರ. ಇದರಲ್ಲಿ ಮೊದಲ ಅಕ್ಷರ ಇ. ಇ ಅಂತ ಶುರುವಾದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನ ಕಾರ್ಖಾನೆಯದು. 1885ರಲ್ಲಿ ಶುರುವಾಗಿ 1980ರಲ್ಲಿ ಮುಚ್ಚಿದ ಕಾರ್ಖಾನೆ. ಅಲ್ಲಿನ ರೈಲ್ವೇ ಸ್ಟೇಷನ್ ಹೆಸರು ಇವತ್ತಿಗೂ ಸಿಂಗರ್ ಅಂತಲೇ ಇದೆ. ಮಾಡೆಲ್ 15. ನಮ್ಮ ದೇಶದ ಟೈಲರ್ ಅಂಗಡಿಗಳಲ್ಲಿ ಕಾಣುವ ಕಪ್ಪು ಮಿಷನ್‌ಗಳು ಹೆಚ್ಚುಕಮ್ಮಿ ಇದೇ ಅಚ್ಚಿನವು. ಆದ್ದರಿಂದ ಅಡಿಯ ನೂಲು ಸುತ್ತುವ ಬಾಬಿನ್, ಅದು ಕೂರುವ ಬಾಬಿನ್ ಕೇಸ್, ಸೂಜಿ ಎಲ್ಲ ಇವತ್ತಿಗೂ ವಿರಾಜಪೇಟೆಯಲ್ಲೇ ಸಿಗುತ್ತವೆ. ಅದು ಗೊತ್ತಾದ ಮೇಲೆ ಅರ್ಧ ಧೈರ್ಯ ಬಂತು.

ಉಳಿದರ್ಧ ಚಕ್ರ ಹಿಡಿದು ನೋಡಿದಾಗ ಹೋಯಿತು. ಅಲುಗಲಿಲ್ಲ. ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಇಲ್ಲಿ ಬಲ ಹಾಕಬಾರದು. ಎರಕದ ಕಬ್ಬಿಣ ಬಾಗುವುದಿಲ್ಲ, ಮುರಿಯುತ್ತದೆ. ಮೇಲಿನ ಮುಚ್ಚಳ, ಎಡಗಡೆಯ ತಟ್ಟೆ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟೆ. ತುಕ್ಕು ನಾನು ಅಂದುಕೊಂಡಷ್ಟು ಇರಲಿಲ್ಲ. ಬದಲಿಗೆ ಎಲ್ಲ ಕೀಲಿನಲ್ಲೂ ಕಂದು ಬಿಳುಪಿನ ಮೇಣದಂಥದ್ದು ಏನೋ ಕಟ್ಟಿಕೊಂಡಿತ್ತು. ಉಗುರಿನಲ್ಲಿ ಕೆರೆದು ಮೂಸಿದೆ. ಕೊಬ್ಬರಿ ಎಣ್ಣೆ! ಅಂಗಡಿ ಮುಚ್ಚಿದ ಮೇಲೆ ಮನೆಯವರು ಯಾರೋ, ಮಿಷನ್ ಹಾಳಾಗದಿರಲಿ ಅಂತ ಒಳ್ಳೆ ಮನಸ್ಸಿನಿಂದ ತಲೆಗೆ ಹಚ್ಚುವ ಎಣ್ಣೆಯನ್ನೇ ಹೊಯ್ದಿದ್ದಾರೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಇರಿಟ್ಟಿಯಲ್ಲಾದರೆ ವರ್ಷವಿಡೀ ನೀರಾಗಿಯೇ ಇರುತ್ತಿತ್ತೇನೋ. ನಮ್ಮಲ್ಲಿ ಜೂನ್‌ನಲ್ಲಿ ಗಟ್ಟಿಯಾದ ಬಾಟಲಿ ಮತ್ತೆ ಕರಗಬೇಕಾದರೆ ಒಲೆ ಪಕ್ಕ ಇಡಬೇಕು. ಆ ಮೇಣಕ್ಕೆ ಹಳೇ ಎಣ್ಣೆ, ನೂಲಿನ ಪುಡಿ, ಸೌದೆಯ ಧೂಳು ಎಲ್ಲ ಸೇರಿ ಸಿಮೆಂಟ್ ಆಗಿತ್ತು.

ಹೆಂಡತಿಯ ಹೇರ್ ಡ್ರೈಯರ್ ತಂದೆ. ಬಿಸಿ ಗಾಳಿ ಬಿಡುವುದು, ಕರಗಿದ್ದನ್ನು ಹತ್ತಿಬಟ್ಟೆಯಲ್ಲಿ ಒರೆಸುವುದು, ಎಣ್ಣೆ ಬಿಡುವ ತೂತುಗಳಿಗೆ ಸೀಮೆಎಣ್ಣೆ ಮತ್ತು ಮಿಷನ್ ಎಣ್ಣೆ ಅರ್ಧರ್ಧ ಬೆರೆಸಿ ಹನಿ ಹನಿ ಹಾಕುವುದು. ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ, ಪಕ್ಕದ ತೋಟದ ಹಳೇ ಸ್ಟೋರಿನಲ್ಲಿ ಅರ್ಧ ಲೀಟರ್ ಸಿಕ್ಕಿತು. ಮೂರು ರಾತ್ರಿ ಹೀಗೆ. ಎರಡನೇ ರಾತ್ರಿ ಕರೆಂಟ್ ಹೋಯಿತು. ಹೋದದ್ದು ಎರಡು ದಿನ ಬರಲಿಲ್ಲ. ಮರ ಬಿದ್ದು ಲೈನ್ ತುಂಡಾಗಿತ್ತು, ಕಕ್ಕಡದಲ್ಲಿ ಅದೇನು ಹೊಸದಲ್ಲ. ಆಮೇಲೆ ನನಗೇ ಹೊಳೆಯಿತು. ತಲೆಯನ್ನು ಎತ್ತಿಕೊಂಡು ಹೋಗಿ ಬಚ್ಚಲಿನ ನೀರೊಲೆ ಪಕ್ಕ ಸ್ಟೂಲಿನ ಮೇಲೆ ಇಟ್ಟೆ. ಮನೆಯವರ ಒದ್ದೆ ಬಟ್ಟೆಗಳ ನಡುವೆ ಅದೂ ಒಣಗಿತು. ಕಾಫಿ ಸೌದೆಯ ಸಣ್ಣ ಕಾವು ಹೇರ್ ಡ್ರೈಯರ್‌ಗಿಂತ ಸಾವಿರ ಪಾಲು ವಾಸಿ. ಒಳಗಿನದೆಲ್ಲ ತಾನಾಗಿ ಇಳಿದು ಕೆಳಗಿಟ್ಟ ತಟ್ಟೆಗೆ ತೊಟ್ಟಿಕ್ಕಿತು.

ಐದನೇ ದಿನ ಚಕ್ರ ಕಾಲು ಸುತ್ತು ತಿರುಗಿ ಟಕ್ ಅಂತ ನಿಂತಿತು. ಹಿಂದಕ್ಕೆ ತಿರುಗಿಸಿದರೆ ಬರುತ್ತದೆ, ಮುಂದಕ್ಕೆ ಅದೇ ಜಾಗದಲ್ಲಿ ಟಕ್. ಇದು ಎಣ್ಣೆಯ ಸಮಸ್ಯೆ ಅಲ್ಲ ಅಂತ ಗೊತ್ತಾಯಿತು. ಬಾಬಿನ್ ಕೂರುವ ಜಾಗದ ರಿಂಗ್ ಬಿಚ್ಚಿ, ಸೂಜಿಯ ನೂಲನ್ನು ಹಿಡಿಯುವ ಶಟಲ್ ಹೊರಗೆ ತೆಗೆದೆ. ಅದರ ಅಂಚಿಗೂ ಗೂಡಿಗೂ ನಡುವೆ ಒಂದು ತುಂಡು ಖಾಕಿ ನೂಲು ಸಿಕ್ಕಿ ಹಾಕಿಕೊಂಡಿತ್ತು. ಒಂದೂವರೆ ಇಂಚು ಇರಬಹುದು. ಅಷ್ಟು ಸಣ್ಣ ನೂಲು ಇಷ್ಟು ದೊಡ್ಡ ಕಬ್ಬಿಣವನ್ನು ನಿಲ್ಲಿಸಬಲ್ಲದು ಅಂತ ನಾನು ಕಣ್ಣಾರೆ ನೋಡದೆ ನಂಬುತ್ತಿರಲಿಲ್ಲ. ಸೂಜಿ ತುದಿಯಿಂದ ಎಳೆದು ತೆಗೆದೆ. ಚಕ್ರ ಗಿರ್ರನೆ ತಿರುಗಿತು. ರಾತ್ರಿ ಹತ್ತೂವರೆ ಗಂಟೆಗೆ ನಾನು ಕೂಗಿದ ಕೂಗಿಗೆ ನಾಯಿ ಬೊಗಳಿತು.

ಸೂಜಿ ತಟ್ಟೆಯ ಎರಡು ಸ್ಕ್ರೂ ಬಿಚ್ಚಿದರೆ ಕೆಳಗೆ ಬಟ್ಟೆ ಮುಂದೆ ತಳ್ಳುವ ಹಲ್ಲು ಇರುತ್ತದೆ. ಆ ಹಲ್ಲುಗಳ ಸಂದಿಯಲ್ಲಿ ನೂಲಿನ ಪುಡಿ ಒತ್ತಿ ಒತ್ತಿ ಕಂಬಳಿಯ ಹಾಗೆ ಆಗಿತ್ತು. ಗುಂಡುಸೂಜಿಯಿಂದ ಮೀಟಿದರೆ ಪದರ ಪದರವಾಗಿ ಎದ್ದು ಬಂತು. ಮೇಲಿನದು ನೀಲಿ, ಸ್ಕೂಲ್ ಯೂನಿಫಾರಂ. ಅದರ ಕೆಳಗೆ ಖಾಕಿ. ಅದರ ಕೆಳಗೆ ದಪ್ಪ ಕಪ್ಪು, ಕುಪ್ಯದ, ಅಂದರೆ ಕೊಡವ ಗಂಡಸರ ಸಾಂಪ್ರದಾಯಿಕ ನಿಲುವಂಗಿಯ ಬಟ್ಟೆ. ಈ ಮಲಯಾಳಿ ಅಜ್ಜನಷ್ಟು ಕೊಡವರ ಕುಪ್ಯ ಹೊಲಿದವರು ನಮ್ಮ ಸುತ್ತಮುತ್ತ ಇಲ್ಲ. ಮೊಣಕಾಲವರೆಗಿನ ಉದ್ದ, ಅರ್ಧ ತೋಳು, ಕಾಲರ್ ಇಲ್ಲ. ನೋಡುವುದಕ್ಕೆ ಸುಲಭ, ಆದರೆ ಮುಂದಿನ ಎರಡು ಬದಿ ಒಂದರ ಮೇಲೊಂದು ಸರಿಯಾಗಿ ಬಂದು ಸೊಂಟಕ್ಕೆ ಚೇಲೆ ಪಟ್ಟಿ ಕಟ್ಟಿದಾಗ ಸುಕ್ಕಾಗದೆ ಕೂರಬೇಕು. ಅದು ಕೈಯಳತೆಗೆ ಬರುವುದಲ್ಲ, ಕಣ್ಣಿಗೆ ಬರಬೇಕು ಅಂತ ಅಜ್ಜ ಹೇಳುತ್ತಿದ್ದರು. ಆ ಮೂರು ಬಣ್ಣದ ಪದರವನ್ನು ಬಿಸಾಡಲು ಮನಸ್ಸಾಗಲಿಲ್ಲ. ಬೆಂಕಿಪೊಟ್ಟಣದಲ್ಲಿ ಹಾಕಿ ಇಟ್ಟೆ.

ಬಲಗಡೆಯ ಡ್ರಾಯರ್ ಉಬ್ಬಿ ಹಿಡಿದುಕೊಂಡಿತ್ತು. ಮಳೆಗಾಲದಲ್ಲಿ ಎಳೆದರೆ ಹಿಡಿಯೇ ಕಿತ್ತು ಬರುತ್ತದೆ, ಅದಕ್ಕೇ ಅದನ್ನೂ ನೀರೊಲೆ ಹತ್ತಿರ ಎರಡು ದಿನ ಇಟ್ಟೆ. ಒಳಗೆ ಸೀಮೆಸುಣ್ಣ, ಬಟನ್ ಡಬ್ಬಿ, ಸಣ್ಣ ಸ್ಕ್ರೂಡ್ರೈವರ್ ಒಂದು, ಅಳತೆ ಪುಸ್ತಕ ಒಂದು. ಪುಸ್ತಕದ ಮೊದಲ ಹಾಳೆಗಳೆಲ್ಲ ಮಲಯಾಳ ಲಿಪಿ. ನಡುವೆ ಎಲ್ಲೋ ಒಂದೊಂದು ಕನ್ನಡ ಅಕ್ಷರ ನುಸುಳಲು ಶುರುವಾಗುತ್ತದೆ. ಕೊನೆಯ ಹಾಳೆಗಳಲ್ಲಿ ಹೆಸರು ಕನ್ನಡದಲ್ಲಿ, ಅಳತೆ ಇಂಗ್ಲಿಷಿನಲ್ಲಿ, ಬಾಕಿ ದುಡ್ಡು ಮಾತ್ರ ಮಲಯಾಳದಲ್ಲಿ. ಬಾಕಿ ಯಾರಿಗೂ ಓದಲು ಬರಬಾರದು ಅಂತ ಇರಬೇಕು.

ಅಜ್ಜ ಬಂದದ್ದು 1953ರಲ್ಲಿ. ಮರ ಸಾಗಿಸುವ ಲಾರಿ ಹತ್ತಿಕೊಂಡು ಕೂಟುಪುಳ ದಾಟಿ, ಮಾಕುಟ್ಟ ಘಾಟಿ ಹತ್ತಿ, ಪೆರುಂಬಾಡಿಯಲ್ಲಿ ಇಳಿದರಂತೆ. ಆಗ ಅವರ ಮಲಬಾರ್ ಮದ್ರಾಸಿಗೆ ಸೇರಿತ್ತು. ಕೊಡಗು ಬೇರೆಯೇ ರಾಜ್ಯ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಮಲಬಾರ್ ಕೇರಳಕ್ಕೆ ಹೋಯಿತು, ಕೊಡಗು ಮೈಸೂರಿಗೆ ಬಂತು. 1973ರಲ್ಲಿ ಮೈಸೂರು ಕರ್ನಾಟಕ ಆಯಿತು. "ನಾನು ಒಂದೇ ಸಲ ಲಾರಿ ಹತ್ತಿದ್ದು ಮೋನೇ, ಆಮೇಲೆ ರಾಜ್ಯಗಳೇ ಓಡಾಡಿದವು" ಅನ್ನುತ್ತಾರೆ. ಮೋನೇ ಅಂದರೆ ಮಲಯಾಳದಲ್ಲಿ ಮಗನೇ. ಇಲ್ಲಿ ಬಂದು ಮೊದಲು ಕಲಿತದ್ದು ಕೊಡವ ತಕ್ಕ್, ಅಂದರೆ ಕೊಡವರ ಭಾಷೆ, ಗಿರಾಕಿಗಳು ಅವರೇ ತಾನೇ. ಕನ್ನಡ ಓದಲು ಕಲಿತದ್ದು ಬಸ್ಸಿನ ಬೋರ್ಡ್ ನೋಡಿ. ಮೊದಲು ಹತ್ತು ವರ್ಷ ಬೇರೆಯವರ ಅಂಗಡಿಯಲ್ಲಿ ಕಾಜಾ, ಗುಂಡಿ. ಆಮೇಲೆ ತಲಶ್ಶೇರಿಯಿಂದ ಈ ಮಿಷನ್ ಸೆಕೆಂಡ್ ಹ್ಯಾಂಡ್ ತಂದದ್ದು, ಬಸ್ಸಿನ ಮೇಲೆ ಕಟ್ಟಿಕೊಂಡು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ತಲೆಯ ಮೇಲೆ ಬಂಗಾರದ ಬಣ್ಣದಲ್ಲಿ ಬಳ್ಳಿ, ಹೂವು, ಸಿಂಗರ್ ಅಂತ ಇಂಗ್ಲಿಷ್ ಅಕ್ಷರ ಇರುತ್ತದೆ. ಮೇಲೆ ಕೊಳೆ ಕಟ್ಟಿ ಮಂಕಾಗಿತ್ತು. ನಾನು ಬುದ್ಧಿವಂತನ ಹಾಗೆ ಸ್ಪಿರಿಟ್ ಹಚ್ಚಿ ಉಜ್ಜಿದೆ. ಎರಡೇ ಉಜ್ಜಿಗೆ ಬಟ್ಟೆ ಮೇಲೆ ಬಂಗಾರ ಬಂತು. ನೋಡಿದರೆ ಮೊದಲ ಅಕ್ಷರ ಅರ್ಧ ಇಲ್ಲ. ಈ ಹಳೇ ಮಿಷನ್‌ಗಳ ಮೇಲೆ ಅರಗಿನ ಪಾಲಿಷ್ ಹೊಡೆದಿರುತ್ತಾರೆ, ಸ್ಪಿರಿಟ್ ಬಿದ್ದರೆ ಅದು ಕರಗಿ ಚಿತ್ರವನ್ನೂ ಕರೆದುಕೊಂಡು ಹೋಗುತ್ತದೆ. ಸ್ಪಿರಿಟ್ ಬೇಡ, ಥಿನ್ನರ್ ಬೇಡ, ಪಾತ್ರೆ ತೊಳೆಯುವ ಲಿಕ್ವಿಡ್ ಕೂಡ ಬೇಡ. ಬರೀ ಮಿಷನ್ ಎಣ್ಣೆ, ಮೆತ್ತನೆ ಹತ್ತಿಬಟ್ಟೆ, ತಾಳ್ಮೆ. ಉಳಿದದ್ದನ್ನು ಹಾಗೇ ಮಾಡಿದೆ, ಬಳ್ಳಿಯೆಲ್ಲ ಚೆನ್ನಾಗಿ ಎದ್ದಿತು. ಆ ಅರ್ಧ ಅಕ್ಷರ ಮಾತ್ರ ಹೋಯಿತು. ಅದಕ್ಕೆ ಬಂಗಾರದ ಪೇಂಟ್ ಹಚ್ಚಿ ಮುಚ್ಚಿಡೋಣ ಅಂತ ಯೋಚನೆ ಬಂದಿತ್ತು. ಮಾಡಲಿಲ್ಲ, ಇನ್ನೂ ಅಸಹ್ಯ ಆಗುತ್ತಿತ್ತು.

ಸಣ್ಣ ಸ್ಕ್ರೂ, ಬಟ್ಟೆ ಒತ್ತಿ ಹಿಡಿಯುವ ಪ್ರೆಶರ್ ಫೂಟ್, ತಟ್ಟೆ ಇವುಗಳ ತುಕ್ಕಿಗೆ ಅಡುಗೆಮನೆಯ ವಿನೆಗರ್. ರಾತ್ರಿ ನೆನೆ ಹಾಕಿ, ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಅಡುಗೆ ಸೋಡಾ ನೀರಿನಲ್ಲಿ ಅದ್ದಿ, ಕೂಡಲೇ ಒಣಗಿಸಿ ಎಣ್ಣೆ ಹಚ್ಚಬೇಕು. ಈ ಕೂಡಲೇ ಅನ್ನುವುದು ಮುಖ್ಯ. ನಾನು ಒಮ್ಮೆ ಟೀ ಕುಡಿದು ಬಂದೆ, ಅಷ್ಟರಲ್ಲಿ ಕೇಸರಿ ಬಣ್ಣ ತಿರುಗಿತ್ತು. ವಿನೆಗರ್ ಮುಗಿದಾಗ ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ ಕಾಚಂಪುಳಿಯ ಬಾಟಲಿ ಕಡೆ ನೋಡಿದೆ, ಅದೂ ಹುಳಿಯೇ ತಾನೇ. "ಅದಕ್ಕೆ ಕೈ ಹಾಕಿದರೆ ಮಿಷನ್ ಜೊತೆ ನಿಮ್ಮನ್ನೂ ಸೌದೆ ಕೊಟ್ಟಿಗೆಗೆ ಹಾಕುತ್ತೇನೆ" ಅಂದಳು ಹೆಂಡತಿ. ಈ ಬೆಲೆಯಲ್ಲಿ ಅವಳ ಮಾತು ನ್ಯಾಯವೇ.

ಸ್ಟ್ಯಾಂಡಿಗೆ ತಂತಿ ಬ್ರಷ್, ಆಮೇಲೆ ರೆಡ್ ಆಕ್ಸೈಡ್, ಆಮೇಲೆ ಕಪ್ಪು ಎನಾಮಲ್. ಬಿಸಿಲಿನಲ್ಲಿ ಒಂದು ದಿನದ ಕೆಲಸ. ನನಗೆ ಒಂಬತ್ತು ದಿನ ಹಿಡಿಯಿತು. ಇನ್ನೂ ಒಂದು ಕಾಲಿನ ಒಳಬದಿ ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಮರದ ಹಲಗೆಯ ಅಂಚಿನಲ್ಲಿ ಮೇಲಿನ ತೆಳು ಪದರ ಎದ್ದಿತ್ತು. ಸಿರಿಂಜಿನಲ್ಲಿ ಫೆವಿಕಾಲ್ ತುಂಬಿ ಒಳಗೆ ಬಿಟ್ಟು ಮೇಲೆ ಅರೆಯುವ ಕಲ್ಲು ಹೇರಿದೆ. ಡ್ರಾಯರ್ ತಳಕ್ಕೆ ತೋಟದ ಸಿಲ್ವರ್ ಓಕ್ ತುಂಡು. ಕೀಲಿನ ಸ್ಕ್ರೂ ತೂತು ದೊಡ್ಡದಾಗಿದ್ದಲ್ಲಿ ಬೆಂಕಿಕಡ್ಡಿ ಮತ್ತು ಫೆವಿಕಾಲ್, ಇದು ಎಲ್ಲರಿಗೂ ಗೊತ್ತಿರುವುದೇ.

ಈ ನಡುವೆ ಆಗಬಾರದ್ದು ಒಂದು ಆಗಿತ್ತು. ಆಗಸ್ಟ್ 3, ಕಕ್ಕಡ ಹದಿನೆಂಟು. ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡಿದ್ದರು, ಅಜ್ಜನಿಗೂ ಒಂದು ಡಬ್ಬಿ ತೆಗೆದುಕೊಂಡು ಹೋದೆ. ಅವರು ಕರ್ಕಿಡಗ ಗಂಜಿ ಕುಡಿಯುತ್ತಾ ಕೂತಿದ್ದರು. ತಿಂಗಳು ಒಂದೇ, ನಮ್ಮ ಮದ್ದು ಪಾಯಸದಲ್ಲಿ, ಅವರ ಮದ್ದು ಗಂಜಿಯಲ್ಲಿ. ಅದೂ ಇದೂ ಮಾತಾಡಿದ ಮೇಲೆ ಅಜ್ಜ ಬಾಗಿಲ ಕಡೆ ನೋಡಿಕೊಂಡು ಮೆಲ್ಲಗೆ ಕೇಳಿದರು, "ಎಷ್ಟಕ್ಕೆ ಹೋಯಿತು ಮೋನೇ?"

"ಏನಜ್ಜ?"

"ಮಿಷನ್. ಗುಜರಿಯವನು ಕೆಜಿಗೆ ಎಷ್ಟು ಕೊಟ್ಟ?"

ನನ್ನ ಕೈಯಲ್ಲಿದ್ದ ಡಬ್ಬಿ ಹಾಗೇ ನಿಂತಿತು. ಮೊಮ್ಮಗಳು ಅಡುಗೆಮನೆ ಬಾಗಿಲಲ್ಲಿ ತುಟಿಗೆ ಬೆರಳಿಟ್ಟು ನಿಂತಿದ್ದಾಳೆ. ಅವರು ಯಾರನ್ನೂ ಬೈದಿಲ್ಲ, ಮನೆಯವರ ಹತ್ತಿರ ಕೇಳಿಯೂ ಇಲ್ಲ. ಕೊಟ್ಟಿಗೆ ಖಾಲಿ ಇದ್ದದ್ದು ನೋಡಿ ತಾವೇ ಲೆಕ್ಕ ಹಾಕಿಕೊಂಡು ಹತ್ತು ಹದಿನೈದು ದಿನ ಸುಮ್ಮನೆ ಇದ್ದಾರೆ. ನನಗೆ ಗೊತ್ತಿಲ್ಲ ಅಜ್ಜ ಅಂತ ಸುಳ್ಳು ಹೇಳಿ ಎದ್ದು ಬಂದೆ. ದಾರಿಯುದ್ದಕ್ಕೂ ನನಗೇ ನಾನು ಬೈದುಕೊಂಡೆ. ಅಚ್ಚರಿ ಮಾಡುವುದು ಅಂತ ನಾವು ಮಾಡುವ ಕೆಲಸಗಳು ವಯಸ್ಸಾದವರಿಗೆ ಎಷ್ಟು ಭಾರವಾಗಬಹುದು ಅಂತ ಯಾಕೆ ಹೊಳೆಯಲಿಲ್ಲವೋ.

ಆದರೂ ಹೇಳಲಿಲ್ಲ. ಯಾಕೆಂದರೆ ಮಿಷನ್ ಆಗ ಹೊಲಿಯುತ್ತಿರಲಿಲ್ಲ.

ಎಲ್ಲ ಕೂಡಿಸಿ ಆಗಿತ್ತು. ಪೆಡಲ್ ಚೆನ್ನಾಗಿ ತಿರುಗುತ್ತಿತ್ತು. ಬೆಲ್ಟಿನ ಕತೆ ಬೇರೆ. ಚರ್ಮದ ಬೆಲ್ಟ್ 72 ಇಂಚಿನದು ಬರುತ್ತದೆ, ನಮ್ಮ ಅಳತೆಗೆ ಕತ್ತರಿಸಿ ತುದಿಯಲ್ಲಿ ತೂತು ಮಾಡಿ ತಂತಿ ಕೊಕ್ಕೆಯಿಂದ ಸೇರಿಸಬೇಕು. ಮೊದಲು ಕತ್ತರಿಸಿದ್ದು ಉದ್ದವಾಗಿ ಜಾರಿತು. ಅರ್ಧ ಇಂಚು ತೆಗೆದ ಮೇಲೆ ಹಿಡಿಯಿತು. ಮಳೆಗೆ ಚರ್ಮ ಇನ್ನೂ ಹಿಗ್ಗುತ್ತದೆ, ಆಗ ಮತ್ತೆ ತೆಗೆಯಬೇಕು. ಪ್ಲಾಸ್ಟಿಕ್ ಬೆಲ್ಟ್ ಹಾಕಿ, ಬೂಸಲು ಬರಲ್ಲ ಅಂದರು ಅಂಗಡಿಯವರು. ನಿಜವೇ, ಆದರೆ ಅದರ ಶಬ್ದ ನನಗೆ ಹಿಡಿಸಲಿಲ್ಲ. ಚಕ್ರದ ನಡುವಿನ ಗುಂಡಿ ಇನ್ನೊಂದು ತಲೆನೋವು. ಅದನ್ನು ಬಿಗಿ ಮಾಡಿದರೆ ಸೂಜಿ ಓಡಬೇಕು, ಸಡಿಲ ಮಾಡಿದರೆ ಬಾಬಿನ್ ಸುತ್ತುವಾಗ ಸೂಜಿ ನಿಲ್ಲಬೇಕು. ನನ್ನದು ಎಷ್ಟು ಬಿಗಿ ಮಾಡಿದರೂ ಚಕ್ರ ಸುಮ್ನೆ ತಿರುಗುತ್ತಿತ್ತು. ಒಂದು ಸಂಜೆ ಪೂರ್ತಿ ಹೋಯಿತು. ಕೊನೆಗೆ ನೋಡಿದರೆ ಒಳಗೆ ಮೂರು ಕಿವಿಯ ವಾಷರ್ ಇದೆ. ಕಿವಿ ಹೊರಮುಖ ಇರಬೇಕು. ಹಾಗಿದ್ದೂ ಹಿಡಿಯದಿದ್ದರೆ ಅರ್ಧ ಸುತ್ತು ತಿರುಗಿಸಿ ಹಾಕಬೇಕು. ತಿರುಗಿಸಿದೆ, ಕೂತಿತು. ಈ ಜಾಗದ ಫೋಟೋ ಮಾತ್ರ ನಾನು ತೆಗೆದಿರಲಿಲ್ಲ.

ಹೊಲಿಗೆ ಹಾಕಿದರೆ ನಾಲ್ಕು ಹೊಲಿಗೆ ಬೀಳುತ್ತದೆ, ಎರಡು ತಪ್ಪುತ್ತದೆ. ಮತ್ತೆ ಮೂರು ಬೀಳುತ್ತದೆ, ನೂಲು ತುಂಡಾಗುತ್ತದೆ. ನೂಲನ್ನು ಬಿಗಿಯಾಗಿ ಹಿಡಿಯುವ ಮೇಲಿನ ಟೆನ್ಶನ್ ಬಿಚ್ಚಿ ಎರಡು ಬಿಲ್ಲೆಗಳ ನಡುವಿನ ಕೊಳೆ ತೆಗೆದೆ. ಬಾಬಿನ್ ಕೇಸಿನ ನೂಲು ಹಿಡಿದು ತೂಗು ಹಾಕಿ ನೋಡಿದೆ, ಸುಮ್ಮನೆ ಹಿಡಿದರೆ ನಿಲ್ಲಬೇಕು, ಸಣ್ಣಗೆ ಜಗ್ಗಿದರೆ ಸ್ವಲ್ಪ ಇಳಿಯಬೇಕು, ಅದೂ ಸರಿ ಇತ್ತು. ಇನ್ನು ಉಳಿದದ್ದು ಟೈಮಿಂಗ್. ಸೂಜಿ ಪೂರ್ತಿ ಕೆಳಗಿಳಿದು ಸುಮಾರು ಎರಡು ಮಿಲಿಮೀಟರ್ ಮೇಲೆದ್ದಾಗ ಶಟಲಿನ ಮೊನೆ ಸೂಜಿಯ ಕಣ್ಣಿಗಿಂತ ಸ್ವಲ್ಪ ಮೇಲೆ ಬರಬೇಕು. ಆ ಹೊತ್ತಿಗೆ ನೂಲು ಸಣ್ಣ ಕುಣಿಕೆ ಕಟ್ಟಿರುತ್ತದೆ, ಮೊನೆ ಅದನ್ನು ಹಿಡಿದುಕೊಂಡು ಹೋಗುತ್ತದೆ. ಸೂಜಿ ಕಂಬಿಯ ಸ್ಕ್ರೂ ಸಡಿಲಿಸೋಣ ಅಂತ ಕೈ ಹೋಯಿತು. ತಡೆದುಕೊಂಡೆ. ಒಮ್ಮೆ ಅದನ್ನು ಸಡಿಲಿಸಿದರೆ ಮತ್ತೆ ಆ ಜಾಗ ಹುಡುಕುವುದು ನನ್ನಿಂದ ಆಗುವ ಕೆಲಸ ಅಲ್ಲ.

ಬಾಬಿನ್ ಕೇಸ್ ಒಂದನ್ನೇ ಜೇಬಿಗೆ ಹಾಕಿಕೊಂಡು ಅಜ್ಜನ ಹತ್ತಿರ ಹೋದೆ.

"ಗೋಣಿಕೊಪ್ಪದಲ್ಲಿ ಒಬ್ಬರ ಮಿಷನ್ ನೋಡುತ್ತಿದ್ದೇನೆ ಅಜ್ಜ. ಹೊಲಿಗೆ ತಪ್ಪುತ್ತದೆ."

"ಸೂಜಿ ನೋಡು. ಎಲ್ಲರೂ ಮಿಷನ್ ಬಿಚ್ಚುತ್ತಾರೆ, ಸೂಜಿ ನೋಡುವುದಿಲ್ಲ. ಉದ್ದ ಗೀರು ಇರುವ ಕಡೆಯಿಂದ ನೂಲು ಹೋಗಬೇಕು. ಚಪ್ಪಟೆ ಬದಿ ಅದರ ಎದುರಿಗೆ. ತಿರುಗಿಸಿ ಹಾಕಿದ್ದೀಯ ನೀನು."

"ಇನ್ನೊಬ್ಬರು ಹಾಕಿದ್ದು ಅಜ್ಜ."

"ಹಾಂ. ಇನ್ನೊಬ್ಬರು."

ಆಮೇಲೆ ನಾನು ಬಾಬಿನ್ ಕೇಸ್ ಅವರ ಕೈಯಲ್ಲಿಟ್ಟೆ, ಇದು ಸರಿ ಇದೆಯಾ ನೋಡಿ ಅಂತ. ಅವರು ನೋಡಲಿಲ್ಲ. ಹೆಬ್ಬೆರಳಿನಿಂದ ಅದರ ಅಂಚನ್ನು ಒಂದು ಸುತ್ತು ಸವರಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಅರದಿಂದ ಉಜ್ಜಿದ ಒಂದು ಸಣ್ಣ ಗುರುತು ಇದೆ, ನಾನು ಅದನ್ನು ಸವಕಳಿ ಅಂದುಕೊಂಡಿದ್ದೆ. ಬೆರಳು ಮತ್ತೆ ಮತ್ತೆ ಅಲ್ಲಿಗೇ ಹೋಗಿ ಬಂತು. ತುಂಬ ಹೊತ್ತು ಏನೂ ಹೇಳಲಿಲ್ಲ. ಹೊರಗೆ ಮಳೆ ಜೋರಾಗಿತ್ತು.

"ಒಳ್ಳೆ ಮಿಷನ್," ಅಂದರು ವಾಪಸ್ ಕೊಡುತ್ತಾ. "ಗುಜರಿಗೆ ಹಾಕಬೇಡ ಅಂತ ಹೇಳು ಗೋಣಿಕೊಪ್ಪದವನಿಗೆ."

ಮನೆಗೆ ಬಂದು ಸೂಜಿ ನೋಡಿದರೆ ಅವರು ಹೇಳಿದ್ದೇ. ಅಷ್ಟೇ ಅಲ್ಲ, ನಾನು ತಂದ ಸೂಜಿಯೇ ಬೇರೆ ಜಾತಿಯದು. ಡಿಬಿ ಅಂತ ಬರುವುದು ದೊಡ್ಡ ಪವರ್ ಮಿಷನ್‌ಗಳಿಗೆ, ಅದರ ಬುಡ ಗುಂಡಗೆ ಇರುತ್ತದೆ. ನಮ್ಮ ಕಪ್ಪು ಮಿಷನ್‌ಗೆ ಎಚ್‌ಎ, ಬುಡದ ಒಂದು ಬದಿ ಚಪ್ಪಟೆ. ಅಂಗಡಿಯಲ್ಲಿ ನಾನು ಬರೀ 16 ನಂಬರ್ ಸೂಜಿ ಅಂತ ಕೇಳಿದ್ದೆ, ಕೊಟ್ಟದ್ದನ್ನು ತಂದಿದ್ದೆ. ಗುಂಡು ಬುಡಕ್ಕೆ ಚಪ್ಪಟೆ ಬದಿಯೇ ಇಲ್ಲ, ಹೇಗೆ ಬೇಕಾದರೂ ಕೂರುತ್ತದೆ. ನನ್ನ ಕೈಯಲ್ಲಿ ಅದು ತಿರುಗಿಯೇ ಕೂತಿತ್ತು. ಎಚ್‌ಎ 14 ತಂದು ಸರಿಯಾಗಿ ಹಾಕಿದೆ. ಹಳೇ ಬೆಡ್‌ಶೀಟಿನ ತುಂಡಿನ ಮೇಲೆ ಒಂದು ಗಜ ಹೊಲಿದೆ. ಒಂದೂ ತಪ್ಪಲಿಲ್ಲ. ಸೂಜಿ ಕಂಬಿ ಬಿಚ್ಚಿದ್ದರೆ ನನ್ನ ಗತಿ ಏನಾಗುತ್ತಿತ್ತು ಅಂತ ಈಗಲೂ ಮೈ ಜುಮ್ಮೆನ್ನುತ್ತದೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಬೆಲ್ಟ್, ಎರಡು ಸಲದ ಸೂಜಿ, ಹೊಸ ಬಾಬಿನ್ ಆರು, ಎಣ್ಣೆ, ಪೇಂಟ್, ಬ್ರಷ್, ವಿನೆಗರ್ ಎಲ್ಲ ಸೇರಿ ಸಾವಿರದ ಇನ್ನೂರರ ಒಳಗೆ. ಹೇರ್ ಡ್ರೈಯರ್ ಸುಟ್ಟುಹೋದದ್ದು ಇದರಲ್ಲಿ ಸೇರಿಲ್ಲ.

ಚೋದಿ ನಕ್ಷತ್ರದ ದಿನ ಮಳೆ ಬಿಟ್ಟಿತ್ತು. ಇರಿಟ್ಟಿಯಿಂದ ಎರಡು ಜೀಪು ಜನ ಬಂದಿದ್ದರು. ಬಾಳೆಲೆ ಊಟ, ಅವಿಯಲ್, ಪರಿಪ್ಪು, ಎರಡು ಥರ ಪಾಯಸ. ಊರಿನವರು ಶಾಲು ಬಿಡಲಿಲ್ಲ, ತಂದೇ ತಂದರು. ಭಾಷಣ ಮಾತ್ರ ಮೊಮ್ಮಗಳು ತಪ್ಪಿಸಿದಳು. ಪಕ್ಕದ ಕೊಡವ ಹಿರಿಯರೊಬ್ಬರು ತಮ್ಮ ಮದುವೆಯ ಬಿಳಿ ಕುಪ್ಯ ತಂದಿದ್ದರು, ಅಜ್ಜ ಹೊಲಿದದ್ದು, ಐವತ್ತು ವರ್ಷದ ಹಳೆಯದು. ಎಲ್ಲರೂ ನೋಡಿ ಹೊಗಳುತ್ತಿದ್ದರೆ ಅಜ್ಜ ಅದನ್ನು ಒಳಮುಖ ತಿರುಗಿಸಿ ಹೊಲಿಗೆ ಮೇಲೆ ಬೆರಳಾಡಿಸಿದರು. "ತೋಳಿನ ಹತ್ತಿರ ಯಾರೋ ಬಿಚ್ಚಿ ಹಾಕಿದ್ದಾರೆ. ಇದು ನನ್ನದಲ್ಲ." ಆ ಹಿರಿಯರು ಪೆಚ್ಚಾಗಿ ನಕ್ಕರು, ಮಧ್ಯೆ ಸ್ವಲ್ಪ ದಪ್ಪ ಆಗಿದ್ದೆ ಅಂತ ಒಪ್ಪಿಕೊಂಡರು.

ಮಿಷನ್ ಜಗಲಿಯಲ್ಲಿ ಇಟ್ಟು ಬಟ್ಟೆ ಮುಚ್ಚಿದ್ದೆವು. ತೆಗೆದಾಗ ಅಜ್ಜನಿಗೆ ಆಶ್ಚರ್ಯ ಏನೂ ಆಗಲಿಲ್ಲ, ಆಗುವುದಿಲ್ಲ ಅಂತ ನನಗೂ ಗೊತ್ತಿತ್ತು. ಅಳಿದ ಅಕ್ಷರದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು.

"ಸ್ಪಿರಿಟ್ಟಾ?"

"ಹೂಂ ಅಜ್ಜ."

ಕುರ್ಚಿ ಎಳೆದು ಕೂತರು. ಮಂಡಿ ನೋವು, ಹತ್ತು ನಿಮಿಷ ನಿಲ್ಲಲಾಗದ ಮನುಷ್ಯ. ಎರಡು ಕಾಲನ್ನೂ ಪೆಡಲ್ ಮೇಲೆ ಇಟ್ಟರು, ಒಂದು ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ. ಬಲಗೈ ಚಕ್ರದ ಮೇಲೆ. ಬೆಳಿಗ್ಗೆಯಿಂದ ಹುಡುಗರೆಲ್ಲ ಪ್ರಯತ್ನ ಮಾಡಿದ್ದರು, ಚಕ್ರ ಹಿಮ್ಮುಖ ತಿರುಗಿ ನೂಲು ಗಂಟಾಗಿ ನಾನು ಮೂರು ಸಲ ಬಿಡಿಸಿದ್ದೆ. ಅಜ್ಜ ಚಕ್ರವನ್ನು ತಮ್ಮ ಕಡೆಗೆ ಒಂದು ಬೆರಳಷ್ಟು ಎಳೆದರು, ಅಷ್ಟೇ. ಆಮೇಲೆ ಕೈ ಬಿಟ್ಟರು. ಅದು ಓಡಿತು. ಖಾಲಿ ಮಿಷನ್ ಸ್ವಲ್ಪ ಹೊತ್ತು ಓಡಿಸಿ ತಲೆ ಓರೆ ಮಾಡಿ ಕೇಳಿದರು.

ನಾನು ಅವರಿಗೆ ಅಂತ ಹೊಸ ಬಿಳಿ ಬಟ್ಟೆ ಒಂದು ತುಂಡು ತಂದಿದ್ದೆ, ಒಂದು ಗೆರೆ ಹೊಲಿಯಲಿ, ಫ್ರೇಮ್ ಹಾಕಿಸೋಣ ಅಂತ. ಅದನ್ನು ಪಕ್ಕಕ್ಕೆ ಸರಿಸಿದರು.

"ಶರ್ಟ್ ತೆಗಿ."

"ಯಾರು, ನಾನಾ?"

"ಕಂಕುಳ ಹತ್ತಿರ ಬಿಚ್ಚಿದೆ. ಬಂದಾಗಿನಿಂದ ನೋಡುತ್ತಿದ್ದೇನೆ. ಯಾರು ಹೊಲಿದದ್ದು ಇದು?"

ರೆಡಿಮೇಡ್ ಅಂದೆ. ಅದಕ್ಕವರು ಉತ್ತರ ಕೊಡಲಿಲ್ಲ. ಐವತ್ತು ಅರುವತ್ತು ಜನರ ಎದುರಿಗೆ ನಾನು ಬನಿಯನ್ನಿನಲ್ಲಿ ಕೂತೆ, ಅದೂ ತೂತಿನ ಬನಿಯನ್. ಕನ್ನಡಕ ಹಣೆಗೆ ಏರಿಸಿಕೊಂಡು, ಕಣ್ಣಿಗಿಂತ ಜಾಸ್ತಿ ಬೆರಳಿನಿಂದಲೇ ನೋಡಿಕೊಂಡು, ಬಿಚ್ಚಿದ ಕಡೆಯಿಂದ ಎರಡಿಂಚು ಹಿಂದಿನಿಂದ ಶುರು ಮಾಡಿದರು. ಆರಿಂಚು ಹೊಲಿದು ನಿಲ್ಲಿಸಿದರು. ಬಟ್ಟೆ ತಿರುಗಿಸಿ ಅಡಿಯ ನೂಲನ್ನು ಉಗುರಿನಿಂದ ಮೀಟಿದರು. ಮುಖ ಸ್ವಲ್ಪ ಗಂಟಾಯಿತು.

ಬಲಗಡೆ ಡ್ರಾಯರ್ ಎಳೆದರು, ಸಲೀಸಾಗಿ ಬಂತು. ನೋಡದೆಯೇ ಒಳಗೆ ಕೈ ಹಾಕಿ ಆ ಸಣ್ಣ ಸ್ಕ್ರೂಡ್ರೈವರ್ ತೆಗೆದರು. ಬಾಬಿನ್ ಕೇಸ್ ಹೊರಗೆ ತೆಗೆದು, ನಾನು ಮೂರು ಸಂಜೆ ಕೂತು ಹೊಂದಿಸಿದ್ದ ಸ್ಕ್ರೂವನ್ನು ಒಂದು ಚೂರು ತಿರುಗಿಸಿದರು. ಎಷ್ಟು ಅಂತ ನನಗೆ ಕಾಣಲಿಲ್ಲ. ತಿರುಗಿತೋ ಇಲ್ಲವೋ ಅನ್ನುವಷ್ಟು.

"ಈಗ ನೋಡು," ಅಂದು ಮತ್ತೆ ಪೆಡಲ್ ಒತ್ತಿದರು.